ಜೂನ್‌ನಲ್ಲಿ ನೆಡುವವರು, ಮಾರ್ಚ್‌ನಲ್ಲಿ ನೀರು ಹೊರುವವರು: ನಿಮಗೆ ಯಾವ ಸೇವೆ ಒಗ್ಗುತ್ತದೆ?

"ಏನಾದ್ರೂ ಸೇವೆ ಮಾಡ್ಬೇಕು ಅನ್ನಿಸ್ತಿದೆ, ಎಲ್ಲಿ ಸೇರ್ಕೊಳ್ಳಲಿ?" ಮೇ ತಿಂಗಳ ಕೊನೆಯಾಯಿತೆಂದರೆ ಈ ಫೋನು ನನಗೆ ತಪ್ಪದೆ ಬರುತ್ತದೆ. ಜೂನ್ 5 ಪರಿಸರ ದಿನ, ಜುಲೈ ಮೊದಲ ವಾರ ವನಮಹೋತ್ಸವ. ಆಫೀಸಿನಲ್ಲಿ ಮೇಲ್ ಬಂದಿರುತ್ತದೆ, ಮನಸ್ಸು ಸ್ವಲ್ಪ ಮೆತ್ತಗಾಗಿರುತ್ತದೆ. ನಾನು ಹತ್ತು ವರ್ಷದಿಂದ ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಇಂಥ ಕೆಲಸಗಳಲ್ಲಿ ಓಡಾಡಿಕೊಂಡಿದ್ದೇನೆ. ಕೆಲವನ್ನು ಹಿಡಿದುಕೊಂಡೆ, ಹಲವನ್ನು ಅರ್ಧಕ್ಕೇ ಬಿಟ್ಟೆ. ಬಿಟ್ಟವುಗಳಿಂದಲೇ ಹೆಚ್ಚು ತಿಳಿದುಕೊಂಡೆ ಎಂದು ಈಗ ಅನ್ನಿಸುತ್ತದೆ. ಹಾಗಾಗಿ ಫೋನು ಮಾಡಿದವರಿಗೆ ನಾನು ತಿರುಗಿ ಕೇಳುವುದು ಒಂದೇ ಪ್ರಶ್ನೆ: "ಮುಂದಿನ ಮಾರ್ಚ್‌ನಲ್ಲಿ ಎಲ್ಲಿರ್ತೀರಿ?"

ಯಾವ ಕೆಲಸ ದೊಡ್ಡದು, ಯಾವುದು ಪುಣ್ಯದ್ದು ಎಂದು ತೂಗುತ್ತಾ ಕೂತರೆ ಆಯ್ಕೆ ಮುಗಿಯುವುದಿಲ್ಲ. ಒಂದು ಕೆಲಸ ನಿಮ್ಮಿಂದ ಎಷ್ಟು ದಿನ, ಯಾವ ಹೊತ್ತಿನಲ್ಲಿ, ಎಷ್ಟು ತಾಳ್ಮೆ ಕೇಳುತ್ತದೆ ಎಂಬುದನ್ನು ನೋಡಿದರೆ ಬೇಗ ಮುಗಿಯುತ್ತದೆ.

ಗಿಡ ನೆಡುವುದೋ, ನೆಟ್ಟದ್ದನ್ನು ಕಾಯುವುದೋ

ಹೆಚ್ಚಿನವರು ಮೊದಲು ಬರುವುದು ಗಿಡ ನೆಡಲು. ತಪ್ಪೇನಿಲ್ಲ, ನಾನೂ ಹಾಗೇ ಬಂದವನು. ಒಂದು ಶನಿವಾರ ಬಸ್ಸು, ಟೀ ಶರ್ಟು, ಉಪ್ಪಿಟ್ಟು, ಫೋಟೊ. ಗುಂಡಿ ಮೊದಲೇ ತೋಡಿಟ್ಟಿದ್ದರು. ನಾವು ಸಸಿಯ ಪ್ಲಾಸ್ಟಿಕ್ ಚೀಲ ಹರಿದು, ಇಳಿಸಿ, ಮಣ್ಣು ಎಳೆದೆವು. ಮರುವರ್ಷ ಏಪ್ರಿಲ್‌ನಲ್ಲಿ ಅದೇ ದಾರಿಯಲ್ಲಿ ಹೋಗುವಾಗ ಇಳಿದು ನೋಡಿದೆ. ಆಸರೆಗೆ ಕಟ್ಟಿದ್ದ ಕೋಲುಗಳು ನಿಂತಿದ್ದವು, ಸಸಿಗಳು ಇರಲಿಲ್ಲ. ಕೆಲವನ್ನು ಮೇಕೆ ತಿಂದಿತ್ತು, ಉಳಿದವಕ್ಕೆ ಜನವರಿಯಿಂದ ಯಾರೂ ನೀರು ಹಾಕಿರಲಿಲ್ಲ.

ನಮ್ಮ ಸೀಮೆಯ ಲೆಕ್ಕ ಇಷ್ಟೇ. ಮುಂಗಾರು ಹಿಡಿದ ಮೇಲೆ ನೆಟ್ಟ ಸಸಿಗೆ ಹಿಂಗಾರು ಮುಗಿಯುವ ತನಕ ಮಳೆಯೇ ತಾಯಿ. ಆಮೇಲೆ ಜನವರಿಯಿಂದ ಮೇವರೆಗೆ ಅದು ನಿಮ್ಮ ಮಗು. ಮೊದಲ ಎರಡು ಬೇಸಿಗೆ ದಾಟಿಸಿದರೆ ಹೊಂಗೆ, ಬೇವು, ನೇರಳೆಯಂಥವು ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ. ಹುಲಿಕಲ್‌ನಿಂದ ಕುದೂರಿಗೆ ಹೋಗುವ ದಾರಿಯ ಆಲದ ಸಾಲನ್ನು ನೋಡಿದವರು ಸಾಲುಮರದ ತಿಮ್ಮಕ್ಕನವರು ನೆಟ್ಟಿದ್ದನ್ನು ಹೊಗಳುತ್ತಾರೆ. ನನಗೆ ಬೆರಗು ಅವರೂ ಅವರ ಗಂಡ ಚಿಕ್ಕಯ್ಯನವರೂ ಬೇಸಿಗೆಯಲ್ಲಿ ಕೊಡ ಹೊತ್ತು ನೀರು ಹಾಕಿದ್ದು, ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದ್ದು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೇ ಬುದ್ಧಿಯದು: ರೈತನಿಗೆ ಹಣ ಸಿಗುವುದು ನೆಟ್ಟ ಸಸಿಗಲ್ಲ, ಬದುಕುಳಿದ ಸಸಿಗೆ, ಅದೂ ವರ್ಷವರ್ಷ ಎಣಿಸಿ ನೋಡಿದ ಮೇಲೆ.

ಆದ್ದರಿಂದ ನೆಡುವ ಸಂಘಕ್ಕೂ ಕಾಯುವ ಸಂಘಕ್ಕೂ ನಡುವೆ ಆರಿಸಬೇಕಾದರೆ ಕಾಯುವ ಸಂಘಕ್ಕೆ ಹೋಗಿ. "ಹೋದ ವರ್ಷ ಎಷ್ಟು ನೆಟ್ಟಿರಿ?" ಎಂದು ಕೇಳಿದರೆ ಎಲ್ಲರೂ ಉತ್ತರ ಕೊಡುತ್ತಾರೆ. "ಮೂರು ವರ್ಷದ ಹಿಂದೆ ನೆಟ್ಟದ್ದನ್ನು ತೋರಿಸಿ" ಎಂದರೆ ಅರ್ಧ ಜನ ಮಾತು ತಿರುಗಿಸುತ್ತಾರೆ. ಇನ್ನೊಂದು ಪ್ರಶ್ನೆ, ಎಲ್ಲಿ ನೆಡುತ್ತೀರಿ ಎಂಬುದು. ಖಾಲಿ ಕಂಡ ಜಾಗವೆಲ್ಲ ಗಿಡಕ್ಕೆ ಕಾದು ಕೂತಿರುವುದಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದ ಹುಲ್ಲುಗಾವಲಿನಲ್ಲಿ ಒಂದು ಕಾಲಕ್ಕೆ ನೀಲಗಿರಿ ಬೆಳೆಸಿದರು. ಬಯಲಿನಲ್ಲಿ ಮೇದು, ಬಯಲಿನಲ್ಲೇ ಓಡಿ ತಪ್ಪಿಸಿಕೊಳ್ಳುವ ಪ್ರಾಣಿಗೆ ಮರದ ಸಾಲು ಏನು ಉಪಕಾರ ಮಾಡೀತು? ಪಶ್ಚಿಮ ಘಟ್ಟದಲ್ಲಿ ಶೋಲೆಗಳ, ಅಂದರೆ ಕಣಿವೆಯ ಕಾಡುಗಳ, ಮೇಲಿನ ಹುಲ್ಲಿನ ಬೆಟ್ಟಗಳಿಗೂ ಇದೇ ಮಾತು. ಅಲ್ಲಿ ಬೀಜದುಂಡೆ ಎಸೆಯಲು ಕರೆದರೆ ಹೋಗಬೇಡಿ.

ವರ್ಷಕ್ಕೆ ಒಂದೇ ದಿನ ಬಿಡುವು ಇರುವವರಿಗೆ ಗಿಡ ನೆಡುವುದು ಸರಿ ಎಂದು ಎಲ್ಲರೂ ಅಂದುಕೊಂಡಿದ್ದಾರೆ. ನನ್ನ ಪ್ರಕಾರ ತಿರುಗುಮುರುಗು. ವರ್ಷಕ್ಕೆ ಒಂದೇ ದಿನ ಇರುವವರು ನೆಡಲೇಬಾರದು.

ಕೆರೆ: ಪ್ರೀತಿ ಬೇಗ ಹುಟ್ಟುತ್ತದೆ, ಕೆಲಸ ಮಾತ್ರ ನಿಧಾನ

ಕೆರೆ ಕೆಲಸವೆಂದರೆ ಮೊಣಕಾಲುದ್ದ ನೀರಿಗಿಳಿದು ಅಂತರಗಂಗೆ ಎಳೆಯುವುದು ಎಂದು ಅಂದುಕೊಂಡು ಬರುತ್ತಾರೆ. ಮೊದಲ ಭಾನುವಾರ ನಲವತ್ತು ಜನ, ಮೂರನೆಯ ಭಾನುವಾರ ಒಂಬತ್ತು. ಯಾಕೆಂದರೆ ಎಳೆದು ಹಾಕಿದ ಅಂತರಗಂಗೆ ಕೆಲವೇ ವಾರಗಳಲ್ಲಿ ಮತ್ತೆ ಅಷ್ಟೇ ಹಸಿರಾಗಿ ಹರಡಿರುತ್ತದೆ. ಅದು ಬದುಕುವುದೇ ಒಳಚರಂಡಿ ನೀರು ತರುವ ಸಾರಜನಕ, ರಂಜಕದ ಮೇಲೆ. ಊಟ ಬಡಿಸುತ್ತಲೇ ಇದ್ದು ಎದ್ದೇಳು ಎಂದರೆ ಯಾರು ಏಳುತ್ತಾರೆ?

ಹಾಗಾಗಿ ಕೆರೆಯ ನಿಜವಾದ ಕೆಲಸ ಕೆರೆಯಲ್ಲಿಲ್ಲ, ಅದಕ್ಕೆ ನೀರು ತರುವ ರಾಜಕಾಲುವೆಯಲ್ಲಿದೆ, ಎಂಜಿನಿಯರರ ಟೇಬಲ್ಲಿನ ಮೇಲಿದೆ. ಜಕ್ಕೂರು ಕೆರೆ ಉಸಿರಾಡುತ್ತಿದ್ದರೆ ಮೇಲೆ ಶುದ್ಧೀಕರಣ ಘಟಕವಿದೆ, ಅಲ್ಲಿಂದ ಬಿಟ್ಟ ನೀರು ಜೊಂಡು ಬೆಳೆದ ಜೌಗಿನಲ್ಲಿ ಹಾದು ಮತ್ತಷ್ಟು ತಿಳಿಯಾಗಿ ಕೆರೆ ಸೇರುತ್ತದೆ ಎಂಬ ಕಾರಣಕ್ಕೆ. ಬೆಳ್ಳಂದೂರಿನಲ್ಲಿ ಮೇಲಿನ ಕೆರೆಗಳ ಕೊಳೆಯೆಲ್ಲ ಬಂದು ನಿಂತು, ನೊರೆಯೆದ್ದು, 2018ರ ಜನವರಿಯಲ್ಲಿ ಬೆಂಕಿ ಹತ್ತಿ ಸೈನಿಕರು ಬಂದು ಆರಿಸಬೇಕಾಯಿತು. ಒಂದೇ ಊರಿನ ಎರಡು ಕೆರೆ. ಅಂತರವೆಲ್ಲ ಒಳಬರುವ ನೀರಿನದು.

ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯ ಸುತ್ತಲಿನ ನಿವಾಸಿಗಳು ಟ್ರಸ್ಟ್ ಮಾಡಿಕೊಂಡು 2011ರಲ್ಲಿ ಪಾಲಿಕೆಯ ಜೊತೆ ಒಪ್ಪಂದ ಮಾಡಿಕೊಂಡರು. ಅಂಥ ಗುಂಪುಗಳಲ್ಲಿ ನೀವು ಕಾಣುವುದು ಹಾರೆ ಹಿಡಿದವರಿಗಿಂತ ಹೆಚ್ಚಾಗಿ ಕಡತ ಹಿಡಿದವರನ್ನು. ಯಾವ ಮಳೆಗೆ ಕೋಡಿ ಬಿತ್ತು, ಯಾವ ದಿನ ಮೀನು ಸತ್ತವು, ಯಾವ ಅಪಾರ್ಟ್‌ಮೆಂಟಿನ ಪೈಪು ರಾತ್ರಿ ಹೊತ್ತು ತೆರೆಯುತ್ತದೆ ಎಂದು ಬರೆದಿಡುವವರು. ಹಳೆಯ ಊರುಗಳಲ್ಲಿ ಕೆರೆ ನೀರು ನೋಡಿಕೊಳ್ಳುವ ನೀರುಗಂಟಿ ಮಾಡುತ್ತಿದ್ದ ಕೆಲಸ ಇದು. ಅವನ ಕೈಯಲ್ಲಿ ತೂಬಿತ್ತು, ಇವರ ಕೈಯಲ್ಲಿ ವಾಟ್ಸ್ಆ್ಯಪ್ ಇದೆ.

ಕೆರೆ ಯಾರಿಗೆ ಒಗ್ಗುತ್ತದೆ? ಅದರ ಅರ್ಧ ಗಂಟೆ ದಾರಿಯಲ್ಲಿ ಮನೆ ಇರುವವರಿಗೆ, ಇನ್ನು ಐದು ವರ್ಷ ಅದೇ ಮನೆಯಲ್ಲಿರುತ್ತೇನೆ ಎನ್ನುವವರಿಗೆ. ಬಾಡಿಗೆ ಮನೆ ಬದಲಿಸುತ್ತಾ ಇರುವ ಹುಡುಗರು ಬೇಸರಪಟ್ಟುಕೊಳ್ಳುವುದೇ ಹೆಚ್ಚು. ಒಂದು ಎಚ್ಚರಿಕೆಯನ್ನೂ ಹೇಳಬೇಕು. ಕೆರೆ ಚೆಂದವಾದ ಮೇಲೆ ಬೇಲಿ ಹಾಕಿ, ದನ ಮೇಯಿಸುವವರನ್ನೂ ಮೀನು ಹಿಡಿಯುವವರನ್ನೂ ಗೇಟಿನ ಹೊರಗೆ ನಿಲ್ಲಿಸುವ ಗುಂಪುಗಳೂ ಇವೆ. ವಾಕಿಂಗ್ ಟ್ರ್ಯಾಕ್‌ಗಾಗಿ ಕೆರೆ ಉಳಿಸುವವರ ಜೊತೆ ನನಗೆ ಹೊಂದಲಿಲ್ಲ, ಬಿಟ್ಟು ಬಂದೆ.

ಕಸ: ಭಾನುವಾರದ ಪೊರಕೆ, ಬೆಳಗಿನ ಏಳರ ಆಟೋ

ಕಸದಲ್ಲಿ ಎರಡು ದಾರಿಗಳಿವೆ, ಎರಡಕ್ಕೂ ಬೇರೆ ಬೇರೆ ಸ್ವಭಾವದ ಜನ ಬೇಕು.

ಮೊದಲನೆಯದು ಜಾಗ ಶುಚಿ ಮಾಡುವುದು. 2010ರಲ್ಲಿ ಬೆಂಗಳೂರಿನಲ್ಲಿ 'ದಿ ಅಗ್ಲಿ ಇಂಡಿಯನ್' ಎಂಬ, ತಮ್ಮ ಹೆಸರು ಹೇಳಿಕೊಳ್ಳದವರ ಗುಂಪು ಚರ್ಚ್ ಸ್ಟ್ರೀಟ್‌ನಿಂದ ಶುರು ಮಾಡಿ, ಕಸ ಸುರಿಯುವ ಮೂಲೆಗಳನ್ನು ತೆಗೆದು, ಗೋಡೆಗೆ ಬಣ್ಣ ಬಳಿದು ಹೊಸ ಮಾಡುತ್ತಾ ಬಂತು. 'ಕಾಮ್ ಚಾಲೂ, ಮೂಹ್ ಬಂದ್' ಎಂಬುದು ಅವರ ನಿಯಮ. ಕೈ ಆಡಲಿ, ಬಾಯಿ ಮುಚ್ಚಿರಲಿ. ಮಂಗಳೂರಿನಲ್ಲಿ ರಾಮಕೃಷ್ಣ ಮಿಷನ್ ಭಾನುವಾರಗಳಂದು ಶ್ರಮದಾನ ನಡೆಸಿ ಇಡೀ ಊರಿನ ಜನರನ್ನು ಬೀದಿಗಿಳಿಸಿತು. ಇಲ್ಲಿನ ದೊಡ್ಡ ಲಾಭ, ಹತ್ತು ಗಂಟೆಗೆ ಶುರು ಮಾಡಿದರೆ ಒಂದು ಗಂಟೆಗೆ ಕಣ್ಣೆದುರು ಫಲ. ಬೆನ್ನು ನೋಯುತ್ತದೆ, ಮನಸ್ಸು ಹಗುರಾಗುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ಆದರೆ ಆ ಮೂಲೆಗೆ ಕಸ ತರುವ ಮನೆಗಳು, ಅಂಗಡಿಗಳು ಯಾವುವು ಎಂದು ಹುಡುಕದಿದ್ದರೆ ಒಂದೆರಡು ವಾರದಲ್ಲಿ ಹೊಸ ಬಣ್ಣದ ಗೋಡೆಯ ಬುಡದಲ್ಲೇ ಕವರುಗಳು ಕೂತಿರುತ್ತವೆ.

ಎರಡನೆಯದು ಮನೆಯಲ್ಲೇ ಕಸ ಬೇರೆ ಮಾಡಿಸುವುದು. 2015ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಬೆಂಗಳೂರಿಗೆ ಎರಡು ಡಬ್ಬಿ ಒಂದು ಚೀಲದ ಪದ್ಧತಿ ಹೇಳಿತು. ಹಸಿ ಕಸಕ್ಕೆ ಹಸಿರು ಡಬ್ಬಿ, ಡೈಪರ್–ಪ್ಯಾಡಿನಂಥವಕ್ಕೆ ಕೆಂಪು, ಒಣ ಕಸಕ್ಕೆ ಚೀಲ. ಸ್ವಯಂಸೇವಕರ ಕೆಲಸ ಇದನ್ನು ತಮ್ಮ ಬೀದಿಯಲ್ಲಿ ಜಾರಿಗೆ ತರುವುದು. ಅಂದರೆ ಬೆಳಿಗ್ಗೆ ಏಳಕ್ಕೆ ಕಸದ ಆಟೋ ಬರುವಾಗ ಜೊತೆಗೆ ನಿಲ್ಲುವುದು. ಮೂರನೆಯ ಮಹಡಿಯ ಆಂಟಿಗೆ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಅಂತ ನಾಚಿಕೆ ಬಿಟ್ಟು ಹೇಳುವುದು. ಪೌರಕಾರ್ಮಿಕರು ಬರಿಗೈಯಲ್ಲಿ ನಮ್ಮ ಹುಳಿ ಅನ್ನದೊಳಗಿಂದ ಹಾಲಿನ ಕವರು ಹೆಕ್ಕುವುದನ್ನು ನಿಂತು ನೋಡುವುದು. ಒಂದು ವಾರ ನೋಡಿದವರು ಮತ್ತೆ ತಮ್ಮ ಮನೆಯ ಕಸ ಬೆರೆಸುವುದಿಲ್ಲ. ನಾನಂತೂ ಬೆರೆಸಿಲ್ಲ.

ಫೋಟೊ ತೆಗೆಯಲು ಇಲ್ಲೇನೂ ಇಲ್ಲ. ಬೈಸಿಕೊಳ್ಳಬೇಕು. "ನೀವ್ಯಾರ್ರೀ ಕೇಳೋಕೆ?" ಎಂಬ ಮಾತು ಕನಿಷ್ಠ ಹತ್ತು ಸಲ ಕೇಳುತ್ತದೆ. ಹೀಗಿದ್ದೂ, ನಿವೃತ್ತರಿಗೆ, ಮನೆಯಿಂದ ಕೆಲಸ ಮಾಡುವವರಿಗೆ, ಬೀದಿಯಲ್ಲಿ ನಾಲ್ಕು ಜನರ ಪರಿಚಯ ಇರುವ ಗೃಹಿಣಿಯರಿಗೆ ನಾನು ಮೊದಲು ಹೇಳುವುದು ಇದನ್ನೇ. ಪೊರಕೆ ತೆಗೆಯುವುದು ಬಿದ್ದ ಕಸವನ್ನು, ಇದು ಬೀಳುವ ಕಸವನ್ನು ತಡೆಯುತ್ತದೆ. ಕಾಂಪೋಸ್ಟ್ ಕಲಿಸುವುದು ಇದರ ಮುಂದಿನ ಹೆಜ್ಜೆ. ವಾಸನೆ ಬರುತ್ತದೆ ಎಂದು ದೂರುವವರ ಡಬ್ಬಿ ತೆರೆದು ನೋಡಿದರೆ ನೀರು ಹೆಚ್ಚಾಗಿರುತ್ತದೆ, ಗಾಳಿ ಕಡಿಮೆಯಾಗಿರುತ್ತದೆ. ಎರಡು ಹಿಡಿ ಒಣಗಿದ ಎಲೆ ಹಾಕಿ ಕಲಸಿ ಎಂದರೆ ಮುಗಿಯಿತು. ಬೀದಿಯಲ್ಲಿ ಎಲೆ ಗುಡಿಸಿ ಬೆಂಕಿ ಹಚ್ಚುವುದೂ ಅದರ ಜೊತೆ ನಿಲ್ಲುತ್ತದೆ.

ಮಂಡಿ ನೋವಿನವರಿಗೆ, ಮಾತು ಬೇಡವೆನ್ನುವವರಿಗೆ

ಎಲ್ಲರಿಗೂ ಹಾರೆ ಹಿಡಿಯಲು ಆಗುವುದಿಲ್ಲ, ಎಲ್ಲರಿಗೂ ನೆರೆಯವರ ಬಾಗಿಲು ತಟ್ಟಲು ಬರುವುದಿಲ್ಲ. ಅಂಥವರಿಗೆ ಹಕ್ಕಿ ಎಣಿಸುವ ಕೆಲಸ ಇದೆ. ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ 'ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್'ಗೆ ಒಂದು ಸಲಕ್ಕೆ ಹದಿನೈದು ನಿಮಿಷ ಸಾಕು. ಟೆರೇಸಿನ ಮೇಲೆ ಕುರ್ಚಿ ಹಾಕಿಕೊಂಡು, ಕಂಡ ಹಕ್ಕಿಯೆಲ್ಲವನ್ನೂ ಇ-ಬರ್ಡ್ ಆ್ಯಪಿನಲ್ಲಿ ಬರೆಯಬೇಕು. ಅಪರೂಪದ ಹಕ್ಕಿ ಸಿಕ್ಕರಷ್ಟೇ ಲೆಕ್ಕ ಎಂದು ಭಾವಿಸಬೇಡಿ. ಕಾಗೆ, ಮೈನಾ, ಕೊಳದ ಬಕ, ಬೆಳಗ್ಗೆ ಆಂಟೆನಾದ ಮೇಲೆ ಕೂತು ಹಾಡುವ ಮಡಿವಾಳ ಹಕ್ಕಿ, ಎಲ್ಲವೂ ಬೇಕು. ನಮ್ಮ ದೇಶದ ಹಕ್ಕಿಗಳ ಸ್ಥಿತಿಯ ಬಗ್ಗೆ 2023ರಲ್ಲಿ ಬಂದ ವರದಿ 942 ಪ್ರಭೇದಗಳನ್ನು ಅಳೆದದ್ದು ಇಂಥ 30 ಸಾವಿರಕ್ಕೂ ಹೆಚ್ಚು ಹವ್ಯಾಸಿಗಳು ಬರೆದ ಪಟ್ಟಿಗಳಿಂದ. ಯಾವ ಹಕ್ಕಿ ಕಡಿಮೆಯಾಗುತ್ತಿದೆ ಎಂದು ತಿಳಿಯಲು ಅದು ಎಲ್ಲೆಲ್ಲೂ ಇದ್ದ ಕಾಲದ ಲೆಕ್ಕವೂ ಇರಬೇಕಲ್ಲ.

ಹಕ್ಕಿ ಹಾರಿಹೋಗುತ್ತದೆ, ಕಣ್ಣು ಸಾಲದು ಎನ್ನುವವರು ಮರ ಹಿಡಿದುಕೊಳ್ಳಬಹುದು. 'ಸೀಸನ್‌ವಾಚ್' ಎಂಬ ಯೋಜನೆಯಲ್ಲಿ ಒಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಚಿಗುರು, ಹೂ, ಕಾಯಿ ಎಷ್ಟಿದೆ ಎಂದು ಗುರುತು ಹಾಕುವುದು. ನಮ್ಮ ಮನೆ ಎದುರಿನ ಹೊಂಗೆ ನನ್ನ ಹೆಸರಿನಲ್ಲಿದೆ. ಎಲೆಯೆಲ್ಲ ಉದುರಿ, ಬೋಳಾಗಿ, ಎಂಟೇ ದಿನಕ್ಕೆ ಎಳೆ ಹಸಿರಿನಲ್ಲಿ ಎದ್ದು ನಿಲ್ಲುವ ಅದರ ಆಟವನ್ನು ಅಷ್ಟು ವರ್ಷ ಕಂಡೇ ಇರಲಿಲ್ಲ. ಇದು ಸೇವೆಯೋ ಸುಖವೋ ಎಂದು ಹೆಂಡತಿ ಕೇಳುತ್ತಾಳೆ.

ಒಬ್ಬರ ಪಕ್ಕದಲ್ಲಿ ಕೂತು

ಜನಸೇವೆ, ಪರಿಸರಸೇವೆ ಎಂದು ಎರಡು ಗೂಡು ಮಾಡುವವರಿದ್ದಾರೆ. ಜನರ ನಡುವೆ ಇರಬೇಕು ಎನ್ನುವವರಿಗೆ ನಾನು ಹೇಳುವ ಮೊದಲ ಕೆಲಸ, ಕಣ್ಣು ಕಾಣದ ವಿದ್ಯಾರ್ಥಿಗಳಿಗೆ ಪರೀಕ್ಷೆ ಬರೆದುಕೊಡುವುದು. ಬೆಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಬರೆಯಲು ಜನ ಸಿಗುತ್ತಾರೆ. ಕನ್ನಡ ಮಾಧ್ಯಮದ ಹುಡುಗನಿಗೆ ಒತ್ತಕ್ಷರ ತಪ್ಪದೆ, ವೇಗವಾಗಿ ಬರೆಯುವವರನ್ನು ಹುಡುಕುವುದರಲ್ಲಿ ಸಾಕಾಗಿ ಹೋಗುತ್ತದೆ. ಗಂಟೆಗೆ ಇಪ್ಪತ್ತು ನಿಮಿಷ ಹೆಚ್ಚುವರಿ ಸಮಯ ಇರುವುದರಿಂದ ಮೂರು ಗಂಟೆಯ ಪರೀಕ್ಷೆ ನಾಲ್ಕು ಗಂಟೆಯಾಗುತ್ತದೆ. ಕೆಲಸದ ದಿನವೇ ರಜೆ ಹಾಕಬೇಕು. ಬರೆಯುವವರು ವಿದ್ಯಾರ್ಥಿಗಿಂತ ಕಡಿಮೆ ಓದಿರಬೇಕು ಎಂಬ ನಿಯಮ ಹಲವು ಪರೀಕ್ಷೆಗಳಿಗೆ ಇದೆ. ಹಾಗಾಗಿ ಕಾಲೇಜು ಹುಡುಗ ಹುಡುಗಿಯರಿಗೆ ಇದು ಹೇಳಿ ಮಾಡಿಸಿದಂತಿದೆ.

ನನ್ನ ತಂಗಿಯ ಮಗಳು ಪಿಯುಸಿಯಲ್ಲಿದ್ದಾಗ ಬಿ.ಎ. ಓದುವ ಒಬ್ಬರಿಗೆ ಬರೆಯಲು ಹೋಗಿದ್ದಳು. ಮನೆಗೆ ಬಂದವಳ ಮುಖ ಸಪ್ಪಗಿತ್ತು. "ಮಾವ, ಒಂದು ಉತ್ತರ ನಂಗೆ ಗೊತ್ತಿತ್ತು. ಅವರು ತಪ್ಪು ಹೇಳಿದ್ರು. ತಪ್ಪನ್ನೇ ಬರ್ದೆ." ಸರಿಯಾಗಿ ಮಾಡಿದ್ದೀಯ ಅಂದೆ. ಒಂದು ಗಂಟೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಪರೀಕ್ಷೆ ಅವರದು, ಬೆರಳು ಮಾತ್ರ ನಮ್ಮದು. ಈ ಕೆಲಸದ ಕಷ್ಟವೆಲ್ಲ ಅಷ್ಟರಲ್ಲೇ ಇದೆ.

ಸರ್ಕಾರಿ ಶಾಲೆಯಲ್ಲಿ ಪಾಠ ಹೇಳುವುದು ಇದಕ್ಕಿಂತ ಚೆಂದ ಕೇಳುತ್ತದೆ, ಆದರೆ ಒಂದು ಶೈಕ್ಷಣಿಕ ವರ್ಷ ಪೂರ್ತಿ ವಾರಕ್ಕೆರಡು ದಿನ ಬರುತ್ತೇನೆ ಎನ್ನುವವರು ಮಾತ್ರ ಹೋಗಲಿ. ಮಕ್ಕಳು ಹೆಸರು ಹಿಡಿದು ಕಾಯುವಷ್ಟರಲ್ಲಿ ಬಿಟ್ಟು ಹೋಗುವುದು ಬಾರದಿರುವುದಕ್ಕಿಂತ ಕೆಟ್ಟದ್ದು. ಮಕ್ಕಳ ಜೊತೆ ಕೆಲಸಕ್ಕೆ ನಿಮ್ಮ ಬಗ್ಗೆ ಏನೂ ವಿಚಾರಿಸದೆ ಸೇರಿಸಿಕೊಳ್ಳುವ ಸಂಸ್ಥೆಗೆ ಕಾಲಿಡಬೇಡಿ. ಗುರುತಿನ ಚೀಟಿ, ಪರಿಚಯದವರ ಹೆಸರು, ಪೊಲೀಸ್ ಪರಿಶೀಲನೆ ಎಲ್ಲ ಕೇಳಿದರೆ ಸಿಟ್ಟಾಗಬೇಡಿ, ಅದೇ ಒಳ್ಳೆಯ ಲಕ್ಷಣ.

ಅರ್ಜಿ ಬರೆಯುವ ಕೈ

ಕನ್ನಡ ನೆಟ್ಟಗೆ ಬರೆಯಬಲ್ಲವರು ತಮ್ಮ ಬೆಲೆ ತಿಳಿದಿರುವುದಿಲ್ಲ. ಪ್ರತಿ ಗುಂಪಿನಲ್ಲೂ ಹಾರೆಗಿಂತ ಕೊರತೆ ಇರುವುದು ಅರ್ಜಿ ಬರೆಯುವ ಕೈಗೆ. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ ಮೂವತ್ತು ದಿನ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ನೂರೈವತ್ತು ಪದದಲ್ಲಿ ನುಣುಚಿಕೊಳ್ಳಲಾಗದ ಪ್ರಶ್ನೆ ಕೇಳುವುದು ಒಂದು ಕಲೆ. ಮರ ಕಡಿಯುವ ನೋಟಿಸು ಕಂಡಾಗ ವೃಕ್ಷ ಅಧಿಕಾರಿಗೆ ಆಕ್ಷೇಪಣೆ ಬರೆಯುವುದು, ವಾರ್ಡಿನ ಸಭೆಗೆ ಹೋಗಿ ಕೊನೆಯ ತನಕ ಕೂರುವುದು ಕೂಡ ಸ್ವಯಂಸೇವೆಯೇ. 2016ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ ಉಕ್ಕಿನ ಮೇಲ್ಸೇತುವೆ ಬೇಡವೆಂದು ಜನ ಕೈಕೈ ಹಿಡಿದು ಸರಪಳಿಯಾಗಿ ನಿಂತದ್ದು ಎಲ್ಲರಿಗೂ ನೆನಪಿದೆ. ಮರುವರ್ಷ ಮಾರ್ಚ್‌ನಲ್ಲಿ ಸರ್ಕಾರ ಯೋಜನೆ ಕೈಬಿಟ್ಟಿತು. ಬೀದಿಯಲ್ಲಿ ನಿಂತವರಷ್ಟೇ ಕೆಲಸವನ್ನು ಕಾಗದ ಜೋಡಿಸಿದವರೂ ಮಾಡಿದ್ದರು. 1983ರಲ್ಲಿ ಶಿರಸಿಯ ಸಲ್ಕಣಿಯವರು ಕಳಾಸೆ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡಾಗಲೂ ಅದರ ಹಿಂದೆ ಎಷ್ಟೋ ಸಭೆ, ಎಷ್ಟೋ ಮನವಿ ಇತ್ತು. ಅಪ್ಪಿಕೊಂಡದ್ದು ಮಾತ್ರ 'ಅಪ್ಪಿಕೋ' ಚಳವಳಿ ಎಂದು ಹೆಸರಾಯಿತು.

ಸಿಟ್ಟು ಬೇಗ ಬರುವವರು ಇತ್ತ ಬರಬೇಡಿ. ಒಂದೇ ಕಚೇರಿಗೆ ಏಳು ಸಲ ಹೋಗಿ ಎಂಟನೆಯ ಸಲವೂ ನಮಸ್ಕಾರ ಹೇಳಬೇಕಾಗುತ್ತದೆ.

ಇನ್ನು ಕೆಲವು, ಚುಟುಕಾಗಿ

ವರ್ಷಕ್ಕೆ ಒಂದೆರಡು ದಿನವಷ್ಟೇ ಇದೆ ಎನ್ನುವವರಿಗೆ ರಕ್ತದಾನಕ್ಕಿಂತ ಸರಿಯಾದದ್ದು ಕಾಣೆ. 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ. ಒಮ್ಮೆ ಕೊಟ್ಟ ಮೇಲೆ ಗಂಡಸರಿಗೆ 90 ದಿನ, ಹೆಂಗಸರಿಗೆ 120 ದಿನ ಬಿಡುವು. ಯಾರದೋ ಹುಟ್ಟುಹಬ್ಬದ ಶಿಬಿರದಲ್ಲಿ ಸಾಲು ನಿಲ್ಲುವ ಬದಲು, ಬೇಸಿಗೆ ರಜೆಯಲ್ಲಿ ಕಾಲೇಜುಗಳು ಮುಚ್ಚಿದ್ದಾಗ ಹೋಗಿ. ಪ್ಲೇಟ್‌ಲೆಟ್ ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ, ಹಾಗಾಗಿ ಕೊರತೆ ಯಾವಾಗಲೂ ಇರುತ್ತದೆ.

ಹುಲಿ ಗಣತಿಗೆ ಹೋಗಬೇಕೆಂಬ ಆಸೆ ಬಹಳ ಜನಕ್ಕಿದೆ. ಅದು ನಾಲ್ಕು ವರ್ಷಕ್ಕೊಮ್ಮೆ ಬರುವ ಅವಕಾಶ, ಅರಣ್ಯ ಇಲಾಖೆ ಕರೆದರೆ ಮಾತ್ರ. ಕಾಣುವುದು ಹೆಚ್ಚಾಗಿ ಹೆಜ್ಜೆ ಗುರುತು, ಹಿಕ್ಕೆ. ಅದಕ್ಕಾಗಿ ಕಾಯುತ್ತಾ ಬೇರೆಲ್ಲ ಬಿಟ್ಟು ಕೂರಬೇಡಿ. ಸಾವಿರಾರು ರೂಪಾಯಿ ಕಟ್ಟಿಸಿಕೊಂಡು ಕಾಡಿನಲ್ಲಿ 'ಸೇವೆ' ಮಾಡಿಸುವ ಪ್ಯಾಕೇಜುಗಳು ಪ್ರವಾಸವಷ್ಟೇ. ಪ್ರವಾಸ ಎಂದೇ ಹೋದರೆ ಮೋಸವಿಲ್ಲ.

ನೆರೆ ಬಂದಾಗ, 2018ರ ಕೊಡಗಿನಂಥ ಹೊತ್ತಿನಲ್ಲಿ, ಕಾರು ಹತ್ತಿ ಹೊರಡಬೇಡಿ. ಇರುವ ಒಂದೇ ದಾರಿಗೆ ಇನ್ನೊಂದು ವಾಹನವಾಗುತ್ತೀರಿ. ಹಳೆ ಬಟ್ಟೆಯ ಮೂಟೆಯಂತೂ ಬೇಡವೇ ಬೇಡ. ಹಣ ಕಳಿಸಿ, ಮೂರು ತಿಂಗಳ ನಂತರ, ಪತ್ರಿಕೆಯವರೆಲ್ಲ ಹೊರಟು ಹೋದ ಮೇಲೆ, ಮನೆ ಕಟ್ಟಲು ಆಳು ಬೇಕೇ ಎಂದು ಕೇಳಿ ಹೋಗಿ.

ಸೇರುವ ಮುಂಚೆ

ನೀವಿನ್ನೂ ಎರಡು ಗುಂಪುಗಳ ನಡುವೆ ತೂಗಾಡುತ್ತಿದ್ದರೆ ಎರಡಕ್ಕೂ ಒಂದೊಂದು ಸಲ ಸುಮ್ಮನೆ ಹೋಗಿ ಬನ್ನಿ. ಹೆಸರು ಬರೆಸಬೇಡಿ, ಗ್ರೂಪಿಗೆ ಸೇರಬೇಡಿ. ಮಾತಾಡುವವರು ಎಷ್ಟು, ಬಗ್ಗುವವರು ಎಷ್ಟು ಎಂದು ನೋಡಿ. ದೇಣಿಗೆ ಪಡೆದರೆ ರಸೀದಿ ಕೊಡುತ್ತಾರಾ, ಖರ್ಚಿನ ಲೆಕ್ಕ ಎಲ್ಲರಿಗೂ ತೋರಿಸುತ್ತಾರಾ ಕೇಳಿ. ಹೆಂಗಸರು ಬರುತ್ತಾರಾ, ಬಂದವರು ಬರೀ ಟೀ ಹಂಚುತ್ತಿದ್ದಾರಾ ಎಂಬುದನ್ನೂ ನೋಡಬೇಕು.

ಆಮೇಲೆ ನನ್ನ ಖಾಸಗಿ ಪರೀಕ್ಷೆ ಒಂದಿದೆ: ನಿಮ್ಮ ಹಾರೆ, ಗುದ್ದಲಿ, ಬಾಂಡ್ಲಿ ಎಲ್ಲಿಡುತ್ತೀರಿ? ಪ್ರತಿ ಸಲ ಹೊಸದಾಗಿ ಬಾಡಿಗೆಗೆ ತರುವವರು ಕಾರ್ಯಕ್ರಮ ಮಾಡುವವರು. ನಾನು ಈಗ ಇರುವ ಗುಂಪಿನವರು ಈ ಪ್ರಶ್ನೆಗೆ ಮಾತಿನಲ್ಲಿ ಉತ್ತರ ಕೊಡಲಿಲ್ಲ. ಕೆರೆ ಏರಿಯ ಟೀ ಅಂಗಡಿಗೆ ಕರೆದುಕೊಂಡು ಹೋದರು. ಬೋಂಡದ ಬಾಣಲೆಯ ಹಿಂದೆ, ಗೋಡೆಯ ಮೊಳೆಗೆ, ಎಣ್ಣೆ ಹಿಡಿದು ಕಪ್ಪಾದ ದಾರದಲ್ಲಿ ಶೆಡ್ಡಿನ ಬೀಗದ ಕೈ ನೇತಾಡುತ್ತಿತ್ತು.